ನಲವತ್ತು ವರ್ಷ ತೆವಳಿ ಬಂದ ವಿಷ

ಹುಡುಗಿಯ ಜಡೆ ಮೂವತ್ತೆಂಟು ತುಂಡಾಗಿ ಮೇಜಿನ ಮೇಲೆ ಸಾಲಾಗಿ ಕೂತಿತ್ತು. ಒಂದೊಂದು ತುಂಡೂ ಒಂದು ಸೆಂಟಿಮೀಟರು. ಒಂದೊಂದಕ್ಕೂ ಒಂದು ಗಾಜಿನ ಬಿಲ್ಲೆ, ಬಿಲ್ಲೆಯ ಪಕ್ಕದಲ್ಲಿ ಒಂದು ನಂಬರು.

"ಮುಟ್ಟಬೇಡಿ ಮೇಡಂ, ನೋಡಿ ಸಾಕು" ಎಂದಳು ಲ್ಯಾಬಿನ ಕೆಮಿಸ್ಟ್.

ಇನ್ಸ್‌ಪೆಕ್ಟರ್ ಕೈ ಹಿಂದಕ್ಕೆ ಕಟ್ಟಿಕೊಂಡಳು. ಠಾಣೆಯಲ್ಲಿ ಬೆನ್ನ ಹಿಂದೆ ಅವಳಿಗಿದ್ದ ಹೆಸರು ಜಿಗಣೆ. ಕಚ್ಚಿದ್ದನ್ನು ಬಿಡುವವಳಲ್ಲ ಎಂಬ ಮೆಚ್ಚುಗೆ ಅದರಲ್ಲಿ ಅರ್ಧ, ಬೈಗುಳ ಇನ್ನರ್ಧ. ಅಂಥ ಜಿಗಣೆಯೂ ಆ ಮೇಜಿನಿಂದ ಒಂದು ಹೆಜ್ಜೆ ಹಿಂದೆ ನಿಂತಳು. ಎಂಟು ದಿನದ ಹಿಂದೆ ಸತ್ತ ಏಳು ವರ್ಷದ ಮಗುವಿನ ಕೂದಲು ಅದು, ಬಸ್ ಡ್ರೈವರನ ಒಬ್ಬಳೇ ಮಗಳು.

ಅದೇ ಕಾಲೊನಿಯ ಹನ್ನೊಂದು ಜನ ಆಸ್ಪತ್ರೆಯಲ್ಲಿದ್ದರು. ಬಾವಿಗೆ ಬಣ್ಣದ ನೀರು ಬಿಟ್ಟನೆಂದು ಕಾಲೊನಿಯವರು ಬಟ್ಟೆಗೆ ಬಣ್ಣ ಹಾಕುವವನ ಶೆಡ್ಡನ್ನು ಸುಟ್ಟು ಬೂದಿ ಮಾಡಿದ್ದರು. ಅವನನ್ನು ರಾತ್ರಿಯೇ ಮ್ಯಾಜಿಸ್ಟ್ರೇಟರ ಮನೆಗೆ ಒಯ್ದು ಕಸ್ಟಡಿ ಪಡೆದಿದ್ದರು, ಈಗ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಕೋರ್ಟಿಗೆ ಹಾಜರು ಮಾಡಬೇಕಿತ್ತು.

"ಬಣ್ಣ ಅಲ್ಲ ಮೇಡಂ, ಪಾಷಾಣ. ಆರ್ಸೆನಿಕ್. ಬಾವಿ ನೀರಲ್ಲೂ ಅದೇ, ಕೂದಲಲ್ಲೂ ಅದೇ. ಬೆಳಿಗ್ಗೆ ಎರಡರ ರಿಪೋರ್ಟೂ ಒಟ್ಟಿಗೆ ಬಂತು." ಕೆಮಿಸ್ಟ್ ಕನ್ನಡಕವನ್ನು ಹಣೆಗೇರಿಸಿದಳು. ನಿವೃತ್ತಿಗೆ ಎರಡು ತಿಂಗಳಿದ್ದ ಹೆಂಗಸು. ಮೂವತ್ತು ವರ್ಷ ಬಾಟಲಿಗಳ ಜೊತೆ ಮಾತಾಡಿ ಮನುಷ್ಯರ ಜೊತೆ ಮಾತು ಕಡಿಮೆ. "ಕೂದಲು ಹೆಚ್ಚು ಕಡಿಮೆ ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಬುಡದ ತುಂಡು ಈ ತಿಂಗಳದ್ದು, ತುದಿದು ಮೂರು ವರ್ಷ ದಾಟಿದ್ದು. ಡೈರಿ ಇದ್ದ ಹಾಗೆ. ಆದರೆ ಇದರಲ್ಲಿ ಸುಳ್ಳು ಬರೆಯೋಕೆ ಬರಲ್ಲ."

"ತುದಿಯಲ್ಲಿ ಎಷ್ಟಿದೆ?"

"ಸ್ವಲ್ಪ. ಅಲ್ಲಿಂದ ಬುಡಕ್ಕೆ ಬರ್ತಾ ಬರ್ತಾ ಏರಿದೆ. ಕೊನೇ ಎರಡು ತಿಂಗಳು ಸಿಕ್ಕಾಪಟ್ಟೆ."

ಇನ್ಸ್‌ಪೆಕ್ಟರ್ ಬುಡದಿಂದ ಎಣಿಸುತ್ತ ಹದಿನಾಲ್ಕನೇ ಬಿಲ್ಲೆಯ ಮುಂದೆ ನಿಂತಳು. ಬಣ್ಣದವನು ಈ ಊರಿಗೆ ಬಂದು ಹದಿನಾಲ್ಕು ತಿಂಗಳು. ಅದರಾಚೆ ಇನ್ನೂ ಇಪ್ಪತ್ನಾಲ್ಕು ತುಂಡುಗಳಿದ್ದವು. ಅವನು ಈ ಊರಿನ ಮುಖ ನೋಡುವ ಮೊದಲೇ ಮಗು ಎರಡು ವರ್ಷ ವಿಷ ಕುಡಿದಿತ್ತು.

ಅಲ್ಲಿಂದಲೇ ಡಿವೈಎಸ್‌ಪಿ ಸಾಹೇಬರಿಗೆ ಫೋನು ಮಾಡಿದಳು. ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಅದು ಅವರ ಒಳ್ಳೆಯ ಗುಣ. ಆಮೇಲೆ ಕಡ್ಡಿ ಮುರಿದಂತೆ ಹೇಳಿದರು: "ಒಂದು ಜಡೆ ಹಿಡ್ಕೊಂಡು ಕೋರ್ಟಿಗೆ ಹೋಗ್ತೀರಾ? ಹೊರಗಡೆ ಐನೂರು ಜನ ನಿಂತಿರ್ತಾರೆ. ಇವನಲ್ಲ ಅಂದ್ರೆ ಯಾರು ಅಂತ ಹೇಳ್ಬೇಕು. ಬಾಯಿಬಿಟ್ಟು ಹೇಳೋ ಒಬ್ಬ ಸಾಕ್ಷಿ ತನ್ನಿ, ಬಿಡ್ತೀನಿ. ಇಲ್ಲಾಂದ್ರೆ ಇವನೇ."

ಬಣ್ಣದವನ ಪೀಪಾಯಿಗಳನ್ನು ಪರೀಕ್ಷೆ ಮಾಡಿದ್ದರೆ ಅವನು ಅರ್ಧ ದಿನದಲ್ಲಿ ಪಾರಾಗುತ್ತಿದ್ದ. ಪೀಪಾಯಿಗಳು ಶೆಡ್ಡಿನ ಜೊತೆ ಸುಟ್ಟುಹೋಗಿದ್ದವು. ನ್ಯಾಯ ಕೇಳಲು ಹೊರಟ ಜನ ಮೊದಲು ಮಾಡುವ ಕೆಲಸ ಸಾಕ್ಷ್ಯಕ್ಕೆ ಬೆಂಕಿ ಹಚ್ಚುವುದು.

"ಮೂರು ವರ್ಷದಿಂದ ಆ ಬಾವಿ ನೀರು ಪರೀಕ್ಷೆ ಆಗ್ತಿತ್ತಲ್ಲ. ನಿಮ್ಮ ಲ್ಯಾಬೇ ಅಲ್ವಾ ಮಾಡಿದ್ದು?" ಎಂದು ಫೋನಿಟ್ಟು ಕೆಮಿಸ್ಟನ್ನು ಕೇಳಿದಳು.

ಕೆಮಿಸ್ಟ್ ಎದ್ದಳು. ಕಪಾಟಿನಿಂದ ಒಂದು ಕಟ್ಟು ತಂದು ಮುಂದಿಟ್ಟಳು. ಮೂರು ತಿಂಗಳಿಗೊಂದರಂತೆ ಹದಿಮೂರು ಹಾಳೆ. ಹದಿಮೂರರ ಮೇಲೂ ಒಂದೇ ಮೊಹರು: ಕುಡಿಯಲು ಯೋಗ್ಯ.

"ಯಾರೂ ಸುಳ್ಳು ಬರೆದಿಲ್ಲ ಮೇಡಂ. ಅದೇ ನನಗೆ ನಿದ್ದೆ ಬರದ ಹಾಗೆ ಮಾಡಿರೋದು." ಅವಳು ಹಾಳೆಯ ನಾಲ್ಕನೇ ಸಾಲನ್ನು ತೋರಿಸಿದಳು. ಸುತ್ತಲಿನ ಜಾಗದ ಈಗಿನ ಬಳಕೆ. ಎದುರಿಗೆ ದುಂಡು ಅಕ್ಷರದಲ್ಲಿ, ಮನೆಗಳು. "ಇಲ್ಲಿ ಏನು ಬರೆದಿರುತ್ತೋ ಅದರ ಮೇಲೆ ನಮ್ಮ ಪರೀಕ್ಷೆ. ಹೊಲ ಅಂದ್ರೆ ಗೊಬ್ಬರ, ಔಷಧಿ ನೋಡ್ತೀವಿ. ಕಾರ್ಖಾನೆ ಅಂದ್ರೆ ಲೋಹ, ಪಾಷಾಣ ನೋಡ್ತೀವಿ. ಮನೆ ಅಂದ್ರೆ ಕ್ರಿಮಿ, ಉಪ್ಪು, ಗಡಸುತನ. ಅಷ್ಟೇ. ಮೊದಲು ಅಲ್ಲಿ ಏನಿತ್ತು ಅಂತ ಕೇಳೋ ಸಾಲೇ ಈ ಹಾಳೆಯಲ್ಲಿಲ್ಲ."

"ಮೊದಲು ಏನಿದ್ರೆ ಈಗೇನು?"

"ನೆಲದೊಳಗಿನ ನೀರು ಹೊಳೆ ಥರ ಓಡಲ್ಲ. ಆ ಮಣ್ಣಲ್ಲಿ ವರ್ಷಕ್ಕೆ ಏಳೆಂಟು ಮೀಟರ್ ತೆವಳಿದರೆ ಹೆಚ್ಚು. ಇವತ್ತು ಬಾವಿಗೆ ಬಂದಿರೋದು ಇವತ್ತು ಸುರಿದದ್ದಲ್ಲ. ಯಾವಾಗಲೋ, ಯಾರೋ, ದೂರದಲ್ಲಿ ಸುರಿದದ್ದು." ಕೆಮಿಸ್ಟ್ ಕಟ್ಟಿನ ನಡುವಿನಿಂದ ಒಂದು ಹಾಳೆ ಎಳೆದಳು. "ಒಬ್ಬನಿಗೆ ಮಾತ್ರ ಅನುಮಾನ ಬಂದಿತ್ತು. ನೋಡಿ."

ಇಪ್ಪತ್ತು ತಿಂಗಳ ಹಿಂದಿನ ಹಾಳೆ. ಮನೆಗಳು ಎಂಬ ಪದದ ಕೆಳಗೆ, ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ ಎರಡು ಸಾಲು: ಹಿಂದೆ ಇಲ್ಲಿ ಕಂಬದ ಅಂಗಳ ಇತ್ತು. ಪಾಷಾಣ ನೋಡುವುದು ಒಳ್ಳೆಯದು.

ಬರೆದವನು ನೀರಿನ ಮಾದರಿ ಹಿಡಿಯುವ ನೌಕರ. ಎಲ್ಲರೂ ಅವನನ್ನು ಬಾಟ್ಲಿ ಎಂದೇ ಕರೆಯುತ್ತಿದ್ದರು. ಹೋದ ವರ್ಷ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಸಾವಿನಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ಹುಡುಕುವಂಥದ್ದು ಇದ್ದದ್ದು ಆ ಹಾಳೆಯಲ್ಲಿ. ಪೆನ್ಸಿಲ್ಲಿನ ಎರಡು ಸಾಲಿನ ಮೇಲೆ ಯಾರೋ ನೀಲಿ ಶಾಯಿಯಲ್ಲಿ ಅಡ್ಡಗೆರೆ ಎಳೆದು, ಅನಗತ್ಯ ಎಂದು ಬರೆದು, ಸಹಿ ಹಾಕಿದ್ದರು.

"ಕಾಲೊನಿ ನೀರು ಸಮಿತಿ ಅಧ್ಯಕ್ಷರ ಸಹಿ. ಅವರು ಬೇಡ ಅಂದ ಪರೀಕ್ಷೆ ನಾವು ಮಾಡೋ ಹಾಗಿಲ್ಲ" ಎಂದಳು ಕೆಮಿಸ್ಟ್. "ಯಾರದ್ದು ಅಂತ ಓದೋಕಾಗ್ತಿಲ್ಲ. ನಿಮಗೆ ಗೊತ್ತಾಗುತ್ತಾ?"

ಗೊತ್ತಾಗದೆ ಏನು. ಮೊದಲ ಅಕ್ಷರದ ಕೊಂಬು ಮೇಲಕ್ಕೆ ಹೋಗಿ, ತಿರುಗಿ ಬಂದು, ಹೆಸರಿನ ಅಡಿಯಲ್ಲಿ ಗೆರೆಯಾಗಿ ನಿಲ್ಲುವ ಸಹಿ ಅದು. ಅಪ್ಪ ಸತ್ತ ಮೇಲೆ ಹತ್ತು ವರ್ಷ ಅವಳ ಪ್ರೋಗ್ರೆಸ್ ಕಾರ್ಡಿನ ಮೇಲೆ ಬಿದ್ದ ಸಹಿ. ಅವಳನ್ನು ಸಾಕಿ, ಓದಿಸಿ, ಖಾಕಿ ಹಾಕಿಸಿದ ಸೋದರಮಾವನ ಸಹಿ.

"ಹಾಳೆ ನನಗೆ ಬೇಕು" ಎಂದಷ್ಟೇ ಹೇಳಿದಳು.

*

ಮಾವನ ಮನೆಗೆ ಹೋಗುವ ದಾರಿಯಲ್ಲೇ ಠಾಣೆ. ಇಳಿಯುವ ಅಗತ್ಯವಿರಲಿಲ್ಲ, ಆದರೂ ಇಳಿದಳು. ಮನಸ್ಸು ಗಟ್ಟಿ ಮಾಡಿಕೊಳ್ಳಲು ಅವಳಿಗೆ ಬಣ್ಣದವನ ಮುಖ ನೋಡಬೇಕಿತ್ತು.

ಅವನು ಲಾಕಪ್ಪಿನ ಮೂಲೆಯಲ್ಲಿ ಮಂಡಿ ಮಡಚಿ ಕೂತಿದ್ದ. ಮೊಣಕೈವರೆಗೆ ಕೈಯೆಲ್ಲ ನೀಲಿ. ಎಂಟು ದಿನ ಉಜ್ಜಿದರೂ ಹೋಗದ ಬಣ್ಣ. ಅದನ್ನೇ ತೋರಿಸಿ ಜನ ಪಾಪಿಯ ಕೈ ನೋಡಿ ಎಂದು ಕೂಗಿದ್ದರು.

"ನಮ್ಮನೆಯವಳು?"

"ನರ್ಸುಗಳ ಹಾಸ್ಟೆಲಲ್ಲಿ ಇಟ್ಟಿದೀನಿ. ಮಕ್ಕಳೂ ಅಲ್ಲೇ ಇದ್ದಾರೆ. ಯಾರಿಗೂ ಗೊತ್ತಿಲ್ಲ."

ಅವನು ತಲೆಯಾಡಿಸಿದ. "ನಾಳೆ ಕೋರ್ಟ್ ಹತ್ರ ಅವರೆಲ್ಲ ಬರ್ತಾರಾ ಮೇಡಂ?"

"ಬರ್ತಾರೆ."

"ವ್ಯಾನಿಂದ ಇಳಿದು ಒಳಗೆ ಹೋಗೋವರೆಗೆ ಎಷ್ಟು ಹೆಜ್ಜೆ ಆಗುತ್ತೆ?"

ನಲವತ್ತು ಹೆಜ್ಜೆ ಆಗುತ್ತಿತ್ತು. ಎಂಟು ಪೊಲೀಸರು, ಐನೂರು ಜನ. ಅದನ್ನು ಹೇಳದೆ ಅವಳು ಜೀಪಿನ ಕಡೆ ನಡೆದಳು.

*

ಮೂರನೇ ಮಹಡಿಯಲ್ಲಿ ಮಾವ ಷರ್ಟಿಗೆ ಇಸ್ತ್ರಿ ಹಾಕುತ್ತಿದ್ದರು. ಎಪ್ಪತ್ತೆಂಟು ವಯಸ್ಸು, ನೆಟ್ಟಗಿನ ಬೆನ್ನು. ನಾಲ್ಕು ಗಂಟೆಗೆ ಸಮಿತಿ ಸಭೆ ಇದ್ದರೆ ಎರಡು ಗಂಟೆಗೇ ತಯಾರಿ ಶುರುವಾಗುವ ಮನುಷ್ಯ. ಕಾಲೊನಿಯ ಮುನ್ನೂರು ಮನೆಯಲ್ಲಿ ಯಾರಿಗೆ ಜಗಳವಾದರೂ, ಯಾರ ನಲ್ಲಿ ಕೆಟ್ಟರೂ ಮೊದಲು ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ.

"ಬಾ ಮಗಳೇ. ಊಟ ಆಯ್ತಾ?"

"ಆಯ್ತು ಮಾವ."

"ಸುಳ್ಳು. ಮುಖ ನೋಡಿದ್ರೆ ಗೊತ್ತಾಗುತ್ತೆ." ಅವರು ಪಕ್ಕದ ಚೊಂಬಿನಿಂದ ನೀರು ಚಿಮುಕಿಸಿ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದರು.

ಅವಳು ಹಾಳೆಯನ್ನು ಷರ್ಟಿನ ಮೇಲೇ ಇಟ್ಟಳು. ಮಾವ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಿದರು. ಓದಿದ ಮೇಲೂ ತಲೆ ಎತ್ತಲಿಲ್ಲ.

"ಇದು ನಂದೇ ಸಹಿ. ಅದಕ್ಕೇನೀಗ?"

"ಯಾಕೆ ಹೊಡೆದು ಹಾಕಿದ್ರಿ?"

"ಬಾಟ್ಲಿಗೆ ಬೇರೆ ಕೆಲಸ ಇರಲಿಲ್ಲ. ಎಂದೋ ಇದ್ದ ಅಂಗಳ, ಎಂದೋ ಮುಚ್ಚಿತ್ತು. ಕಂಪನಿ ಇಲ್ಲ, ಕಾಗದ ಇಲ್ಲ, ಮೇಲೆ ಮನೆ ಎದ್ದು ಮೂವತ್ತು ವರ್ಷ ಆಯ್ತು."

"ನೀವಿದ್ದೀರಲ್ಲ. ನೀವೇ ಅಲ್ವಾ ಅಲ್ಲಿ ಮೇಸ್ತ್ರಿ ಆಗಿದ್ದದ್ದು?"

ಚಿಕ್ಕಂದಿನಲ್ಲಿ ಮಾವ ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯಲ್ಲೆಲ್ಲ ಹಸಿರು ಕಲೆ ಇರುತ್ತಿತ್ತು. ಲೈಟಿನ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಮರದ ದಿಮ್ಮಿಗಳನ್ನು ಪಾಷಾಣ ಬೆರೆಸಿದ ಹಸಿರು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವ ಅಂಗಳ ಅದು. ಎತ್ತಿ ಸಾಲಾಗಿ ಮಲಗಿಸಿದ ಕಂಬಗಳಿಂದ ವಾರಗಟ್ಟಲೆ ನೀರು ಬರಿಯ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆ ಹಸಿರು ಕೈಯಿಂದಲೇ ಅವರು ಅವಳ ಕೆನ್ನೆ ಹಿಂಡುತ್ತಿದ್ದರು.

"ಆಗ ಯಾರಿಗೆ ಗೊತ್ತಿತ್ತು?" ಮಾವ ಕುರ್ಚಿಯಲ್ಲಿ ಕೂತರು. "ನಾವು ಆ ತೊಟ್ಟಿ ಕಟ್ಟೆ ಮೇಲೆ ಕೂತು ಬುತ್ತಿ ಬಿಚ್ತಿದ್ವಿ ಕಣಮ್ಮ. ಕಂಬಕ್ಕೆ ಹಾಕೋ ಔಷಧಿ ಅಂತ ಹೇಳಿದ್ರು. ಔಷಧಿ ಅಂದ್ರೆ ಯಾರಾದ್ರೂ ಹೆದರ್ತಾರಾ?"

"ಅಂಗಳ ಮುಚ್ಚಿದಾಗ ಉಳಿದದ್ದು ಏನಾಯ್ತು?"

"ಗುಂಡಿ ತೋಡಿ ಹೂತ್ವಿ. ಮೇಲಿನವರು ಹೇಳಿದ್ರು, ನಾನು ನಿಂತು ಮಾಡಿಸಿದೆ."

"ಬಾವಿಯಿಂದ ಎಷ್ಟು ದೂರ?"

"ಮುನ್ನೂರು ಮೀಟರ್ ಇರಬಹುದು. ಆಗ ಬಾವಿ ಎಲ್ಲಿತ್ತು? ಬರೀ ಬಯಲು."

ವರ್ಷಕ್ಕೆ ಏಳೆಂಟು ಮೀಟರು. ನಲವತ್ತು ವರ್ಷ. ಅವಳಿಗೆ ಬೇರೆ ಕಾಗದ ಬೇಕಾಗಲಿಲ್ಲ. ನೆಲದಡಿಯಲ್ಲಿ ಆ ಹಸಿರು ನೀರು ಒಂದು ದಿನವೂ ರಜೆ ಹಾಕದೆ ತೆವಳಿ, ಮೂರು ವರ್ಷಕ್ಕೂ ಸ್ವಲ್ಪ ಮೊದಲು ಬಾವಿ ಮುಟ್ಟಿತ್ತು.

"ನಲವತ್ತು ವರ್ಷದ ಹಿಂದಿನದಕ್ಕೆ ನಿಮ್ಮನ್ನ ಯಾರೂ ಹಿಡಿಯಲ್ಲ ಮಾವ. ಆಗ ಗೊತ್ತಿರಲಿಲ್ಲ, ಒಪ್ಪಿದೆ. ಇಪ್ಪತ್ತು ತಿಂಗಳ ಹಿಂದೆ ಗೊತ್ತಿತ್ತಲ್ಲ?"

ಮಾವ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಆ ಮಗುವಿನ ಜಡೆಯಲ್ಲಿ ಇಪ್ಪತ್ತನೇ ತುಂಡು ಅಂತ ಒಂದಿದೆ. ನೀವು ಈ ಸಹಿ ಹಾಕಿದ ತಿಂಗಳದ್ದು. ಅವತ್ತು ಬಾವಿ ಮುಚ್ಚಿದ್ರೆ ಅವಳು ಬದುಕ್ತಿದ್ಲು ಅಂತಾರೆ ಲ್ಯಾಬಿನವರು."

ಲ್ಯಾಬಿನವರು ಹಾಗೆ ಹೇಳಿರಲಿಲ್ಲ. ಆದರೆ ಅದು ಸುಳ್ಳೂ ಆಗಿರಲಿಲ್ಲ.

"ಮುನ್ನೂರು ಮನೆ" ಎಂದರು ಮಾವ. ಧ್ವನಿ ಮೊದಲ ಸಲ ಒಡೆಯಿತು. "ಜನ ಜೀವಮಾನದ ದುಡಿಮೆ ಹಾಕಿ ಕಟ್ಟಿದ್ದು. ಕಾಗದದ ಮೇಲೆ ಪಾಷಾಣ ಅಂತ ಒಂದು ಪದ ಬಿದ್ರೆ ಈ ಮನೆಗಳನ್ನ ಯಾರು ಮೂಸಿ ನೋಡ್ತಾರೆ? ಇಷ್ಟು ವರ್ಷ ಆಗಿದೆ, ಮಣ್ಣು ಅದನ್ನ ತಿಂದು ಹಾಕಿರುತ್ತೆ ಅಂದ್ಕೊಂಡೆ. ನಾನೇನು ಬೇರೆ ನೀರು ಕುಡಿದೆನಾ? ಅದೇ ಬಾವಿದು, ದಿನಾ ಕುಡಿದಿದೀನಿ."

ಅವರು ಎರಡೂ ಅಂಗೈ ಬಿಚ್ಚಿ ತೋರಿಸಿದರು. ಅಂಗೈ ತುಂಬ ಕಾಳುಕಾಳಾಗಿ ಗಟ್ಟಿಯಾದ ಚರ್ಮ. ಆಸ್ಪತ್ರೆಯ ಹನ್ನೊಂದು ಜನರ ಕೈಯಲ್ಲೂ ಅವಳು ಅದನ್ನೇ ನೋಡಿದ್ದಳು. ಪೊಲೀಸಿನವಳ ಕಣ್ಣಿಗೆ ಅದು ಸಾಕ್ಷ್ಯ, ಸೋದರಸೊಸೆಯ ಕಣ್ಣಿಗೆ ಸಂಕಟ.

"ನೀವೂ ಕುಡಿದ್ರಿ ಅಂದ ಮಾತ್ರಕ್ಕೆ ಅವಳಿಗೆ ಕುಡಿಸಿದ್ದು ಸರಿ ಆಗಲ್ಲ ಮಾವ. ನಾಳೆ ಕೋರ್ಟಿಗೆ ಬಂದು ಈಗ ಹೇಳಿದ್ದನ್ನೇ ಹೇಳಿ. ಅಂಗಳ ಎಲ್ಲಿತ್ತು, ಗುಂಡಿ ಎಲ್ಲಿದೆ, ಇದು ಯಾರ ಸಹಿ. ನಿಮ್ಮನ್ನ ಬಿಟ್ರೆ ಹೇಳೋರು ಯಾರೂ ಬದುಕಿಲ್ಲ."

"ಬರಲ್ಲ."

"ಒಬ್ಬ ಏನೂ ಮಾಡದವನು ಒಳಗಿದ್ದಾನೆ."

"ಹೊರಗಿನವನು. ಬಿಡುಗಡೆ ಆದ್ರೆ ಬೇರೆ ಊರು ನೋಡ್ಕೊಳ್ತಾನೆ. ನಾನು ಎಲ್ಲಿಗೆ ಹೋಗಲಿ? ಕೆಳಗಿಳಿದು ಡ್ರೈವರನ ಮುಖ ಹೇಗೆ ನೋಡಲಿ?"

"ಅವನು ಬಿಡುಗಡೆ ಆಗಲ್ಲ ಮಾವ. ಕೋರ್ಟಿನ ಮೆಟ್ಟಿಲೂ ಮುಟ್ಟಲ್ಲ."

ಮಾವ ಮುಖ ತಿರುಗಿಸಿದರು. ಈ ಮನುಷ್ಯನನ್ನು ತಾನು ಇಷ್ಟು ವರ್ಷ ದೇವರ ಪಕ್ಕದಲ್ಲಿಟ್ಟು ನೋಡಿದೆನಲ್ಲ ಎಂದು ಅವಳಿಗೆ ಸಿಟ್ಟು ಬಂತು. ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

ಕೆಳಗೆ ಬೀದಿಯಲ್ಲಿ ಹಾರ್ನ್ ಕೇಳಿಸಿತು. ನೀರಿನ ಟ್ಯಾಂಕರು. ಬಾಗಿಲುಗಳು ತೆರೆದವು, ಕೊಡ ಬಕೆಟ್ಟುಗಳ ಸದ್ದಾಯಿತು, ಸರದಿಗಾಗಿ ಜಗಳ ಶುರುವಾಯಿತು. ಬಾವಿಗೆ ಬೀಗ ಬಿದ್ದ ದಿನದಿಂದ ಕಾಲೊನಿಗೂ ಆಸ್ಪತ್ರೆಗೂ ನರ್ಸುಗಳ ಹಾಸ್ಟೆಲಿಗೂ, ಸಮಿತಿಯನ್ನು ಬಿಟ್ಟು ಪೊಲೀಸರೇ ತರಿಸುತ್ತಿದ್ದ ಅದೇ ನೀರು.

ಮಾವ ಕಿಟಕಿಯ ಕಡೆ ನೋಡಿದರು. ಮಾತು ಬೇರೆ ಕಡೆ ತಿರುಗಿದ್ದೇ ಸಾಕೆನ್ನುವಂತೆ ಕೇಳಿದರು: "ಎಲ್ಲಿಂದ ತರ್ತಾರೆ ಇದನ್ನ? ದೊಡ್ಡ ಕೆರೆಯಿಂದಾ?"

"ಕೆರೆ ಒಣಗಿದೆ. ಹಳೇ ಇಟ್ಟಿಗೆ ಭಟ್ಟಿ ಹತ್ರ ಒಂದು ಬಾವಿ ಇದೆಯಲ್ಲ, ಅಲ್ಲಿಂದ. ಸುತ್ತ ಮನೆ ಇಲ್ಲ, ಶೆಡ್ ಇಲ್ಲ, ಬರೀ ಹುಲ್ಲು. ನಾನೇ ಹುಡುಕಿ ತೋರಿಸಿದ್ದು."

ಮಾವ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು.

"ಭಟ್ಟಿಯವರು ಮಣ್ಣು ತೆಗೆದ ಹಳ್ಳ ಇತ್ತಲ್ಲ, ಅದರ ಪಕ್ಕದ ಬಾವಿನಾ?"

"ಹೌದು. ಯಾಕೆ?"

ಅವಳು ಭುಜ ಹಿಡಿದು ಅಲುಗಿಸಿದಳು. "ಯಾಕೆ ಮಾವ?"

"ಇಲ್ಲಿ ಹೂತದ್ದು ಹನ್ನೆರಡೇ ಪೀಪಾಯಿ. ಗುಂಡಿ ಸಾಲಲಿಲ್ಲ. ಉಳಿದ ಇಪ್ಪತ್ತೆಂಟು ಲಾರಿಗೆ ಹಾಕಿ ಅಲ್ಲಿಗೆ ಕಳಿಸಿದ್ವಿ. ಆ ಹಳ್ಳದಲ್ಲಿ ತಳ್ಳಿ ಮಣ್ಣು ಮುಚ್ಚಿದ್ರು. ನಾನೇ ನಿಂತು ನೋಡಿದೀನಿ."

ಎಂಟು ದಿನ. ಹನ್ನೊಂದು ರೋಗಿಗಳು, ಬಾಯಾರಿದಾಗಲೆಲ್ಲ ಅದೇ ನೀರು. ಹಾಸ್ಟೆಲಿನಲ್ಲಿ ಬಣ್ಣದವನ ಹೆಂಡತಿ, ಎರಡು ಮಕ್ಕಳು. ಇವತ್ತು ಏನಿದೆ ಎಂದು ಮಾತ್ರ ನೋಡಿ, ಹುಲ್ಲು ಎಂದು ಬರೆಸಿ, ಕ್ರಿಮಿ ಪರೀಕ್ಷೆ ಮುಗಿಸಿ ಟ್ಯಾಂಕರು ಕಳಿಸಿದವಳು ಅವಳೇ.

ಫೋನಿಗೆ ಕೈ ಹಾಕಿದಳು. ಆಸ್ಪತ್ರೆಯವರು ಎತ್ತಿದರು. "ಟ್ಯಾಂಕರ್ ನೀರು ಯಾರಿಗೂ ಕೊಡಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ. ಹಾಸ್ಟೆಲಿಗೂ ಹೇಳಿ, ಈಗಲೇ." ಫೋನಿಟ್ಟು ತಿರುಗಿದರೆ ಕುರ್ಚಿಯ ಬಳಿ ಮಾವ ಇರಲಿಲ್ಲ.

ಅವರು ಬಾಲ್ಕನಿಯಲ್ಲಿದ್ದರು. ಕಂಬಿ ಹಿಡಿದು ಬಗ್ಗಿದ್ದರು.

"ಮಾವ, ಬೇಡ. ನಾನು ಹೇಳ್ತೀನಿ. ಒಳಗೆ ಬನ್ನಿ."

ಅವರಿಗೆ ಕೇಳಿಸಿತೋ ಇಲ್ಲವೋ. ಮೂವತ್ತು ವರ್ಷ ಸಮಿತಿ ಸಭೆಗಳಲ್ಲಿ ಮೈಕಿಲ್ಲದೆ ಮಾತಾಡಿದ ಧ್ವನಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೋಯಿತು.

"ಆ ನೀರು ಚೆಲ್ಲಿ. ಯಾರೂ ಕುಡೀಬೇಡಿ. ಅದರಲ್ಲೂ ವಿಷ ಇದೆ. ಬಣ್ಣದವನು ಹಾಕಿದ್ದಲ್ಲ. ಅಲ್ಲೂ ಇಲ್ಲೂ ಹೂತಿಟ್ಟದ್ದು ನಾನು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

ಟ್ಯಾಂಕರಿನ ಪೈಪಿನಿಂದ ನೀರು ಸುರಿಯುವ ಸದ್ದೊಂದೇ ಕೇಳುತ್ತಿತ್ತು. ಐವತ್ತು ಅರವತ್ತು ಮುಖಗಳು ಮೇಲಕ್ಕೆ ನೋಡುತ್ತಿದ್ದವು. ಅವರಲ್ಲಿ ಬಸ್ ಡ್ರೈವರನೂ ಇದ್ದ. ಕೈಯಲ್ಲಿದ್ದ ಕೊಡವನ್ನು ಅವನು ಮೆಲ್ಲಗೆ, ಜೋಪಾನವಾಗಿ ನೆಲಕ್ಕಿಟ್ಟ. ಆಮೇಲೆ ಮೆಟ್ಟಿಲಿನ ಕಡೆ ಹೊರಟ. ಅವನ ಹಿಂದೆ ಇನ್ನೊಬ್ಬ, ಇನ್ನೊಬ್ಬ, ಆಮೇಲೆ ಎಲ್ಲರೂ.

ಅವಳು ಮಾವನನ್ನು ಒಳಗೆಳೆದು ಬಾಗಿಲಿಗೆ ಅಗಳಿ ಹಾಕಿದಳು. ಠಾಣೆಗೆ ಫೋನು ಮಾಡಿದಳು. ಜೀಪು ಬರಲು ಇಪ್ಪತ್ತು ನಿಮಿಷವೆಂದರು. ಬಣ್ಣದವನನ್ನು ಉಳಿಸಬಲ್ಲ ಬಾಯಿ ಈ ಲೋಕದಲ್ಲಿ ಒಂದೇ ಇತ್ತು, ಅದು ನಾಳೆ ಹನ್ನೊಂದು ಗಂಟೆಯವರೆಗೆ ಉಸಿರಾಡಬೇಕಿತ್ತು. ಇನ್ನೂ ಒಂದು ಸಾಲು ಹೇಳಿಕೆಯನ್ನೂ ಬರೆದುಕೊಂಡಿರಲಿಲ್ಲ.

ಹೆಜ್ಜೆಗಳು ಒಂದನೇ ಮಹಡಿ ದಾಟಿದವು. ಎರಡನೆಯದು ದಾಟಿದವು. ಬಾಗಿಲ ಮುಂದೆ ನಿಂತವು.

"ಮೇಡಂ." ಡ್ರೈವರನ ಧ್ವನಿಯಲ್ಲಿ ಕೋಪವೇ ಇರಲಿಲ್ಲ. "ಬಾಗಿಲು ತೆಗೀರಿ. ನಾವೇನೂ ಮಾಡಲ್ಲ. ಒಂದು ಮಾತು ಕೇಳ್ಬೇಕು, ಅಷ್ಟೇ."

ಎಂಟು ದಿನದ ಹಿಂದೆ ಬಣ್ಣದ ಶೆಡ್ಡಿನ ಬಾಗಿಲಲ್ಲೂ ಅವನು ಇದೇ ಮಾತು ಹೇಳಿದ್ದ. ಬೆಂಕಿ ಹತ್ತಿದ್ದು ಅದಾದ ಎರಡು ನಿಮಿಷಕ್ಕೆ.

ಅವಳು ಸೊಂಟದ ಪಿಸ್ತೂಲಿಗೆ ಕೈ ಹಾಕಿದಳು. ಮಗಳನ್ನು ಕಳೆದುಕೊಂಡವನ ಮೇಲೆ ಅದನ್ನು ಎತ್ತಲಾರೆನೆಂದು ಅವಳಿಗೆ ಗೊತ್ತಿತ್ತು.

"ಪಕ್ಕಕ್ಕೆ ಸರಿ ಮಗಳೇ" ಎಂದರು ಮಾವ. "ಅವನು ಕೇಳಬೇಕಾದದ್ದು ನನ್ನನ್ನ."

ಅವಳು ತಡೆಯುವಷ್ಟರಲ್ಲಿ ಅವರು ಅಗಳಿ ಸರಿಸಿದ್ದರು.